ಅಕ್ಷರ ತಿದ್ದುವ ವಯಸ್ಸು

ನಮ್ಮ ಮನೆಯ ಲ್ಯಾಪ್‌ಟಾಪನ್ನು ಬಳಸುವವರು ಮೂವರು: ಅಮ್ಮ, ಹೆಂಡತಿ, ಮಗಳು. ರಿಪೇರಿ ಮಾಡುವವನು ನಾನು. ಹಳೇ ಯಂತ್ರ, 15.6 ಇಂಚಿನ ಪರದೆ. ಅಡ್ಡಸಾಲಿಗೆ 1366 ಚುಕ್ಕಿ, ಕಂಬಸಾಲಿಗೆ 768. ಹೊಸ ವಿಂಡೋಸನ್ನು ಹೊರುವ ತ್ರಾಣ ಅದಕ್ಕೆ ಉಳಿದಿಲ್ಲವೆಂದು ನಾನೇ ಲಿನಕ್ಸ್ ಹಾಕಿದೆ. ಹಾಕಿದ ಮೇಲೆ ಅದು ತಕರಾರಿಲ್ಲದೆ ಓಡತೊಡಗಿತು. "ರೀ, ಇದ್ಯಾಕೋ ನಿಂತ್ಹೋಯ್ತು, ಸ್ವಲ್ಪ ಬನ್ನಿ" ಎಂದು ದಿನಾ ಬರುತ್ತಿದ್ದ ಕರೆ ನಿಂತಿತು. ಮನೆಯಲ್ಲಿ ನನಗಿದ್ದ ಒಂದೇ ಒಂದು ಹುದ್ದೆ ಹೀಗೆ ನನ್ನ ಕೈಯಿಂದಲೇ ರದ್ದಾಯಿತು.

ಕೆಲಸ ಹೋದ ರಿಪೇರಿಗಾರ ಏನು ಮಾಡುತ್ತಾನೆ? ಚೆನ್ನಾಗಿರುವುದನ್ನು ಹತ್ತಿರದಿಂದ ನೋಡುತ್ತಾನೆ. ನೋಡಿದೆ. ಕನ್ನಡ ಮಸುಕಾಗಿತ್ತು. ತಲೆಕಟ್ಟಿನ ಅಂಚಿಗೆ ಬೂದುಬಣ್ಣ ಮೆತ್ತಿಕೊಂಡಿತ್ತು, 'ರಾಷ್ಟ್ರ'ದ ಒತ್ತುಗಳು ಒಂದರೊಳಗೊಂದು ಕಲಸಿಹೋಗಿದ್ದವು.

"ಕಣ್ಣು ತೋರಿಸ್ಕೊಂಡು ಬನ್ನಿ" ಎಂದಳು ಹೆಂಡತಿ, ತಲೆಯೆತ್ತದೆ.

ಹೋಗಿ ತೋರಿಸಿಕೊಂಡೆ. ಕನ್ನಡಕದ ನಂಬರ್ ಬದಲಾಗಿಲ್ಲ, ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಅನಾಹುತಕ್ಕೆ ನಾಂದಿಯಾದದ್ದು ಆ ಚೀಟಿಯೇ. ಕಣ್ಣು ಸರಿಯಿದೆ ಎಂದಮೇಲೆ ದೋಷ ಕಂಪ್ಯೂಟರಿನದೇ ತಾನೆ? ಜೊತೆಗೆ ಡಾಕ್ಟರ ಹತ್ತಿರ ಇನ್ನೊಂದು ವಿದ್ಯೆಯನ್ನೂ ಕಲಿತು ಬಂದಿದ್ದೆ. ಗಾಜು ಬದಲಿಸುತ್ತ ಬದಲಿಸುತ್ತ ಅವರು ಕೇಳುತ್ತಾರಲ್ಲ, "ಈಗ ಚೆನ್ನಾಗಿ ಕಾಣುತ್ತಾ? ಈಗ? ಮೊದಲಿಂದೇ ವಾಸೀನಾ?" ಎಂದು, ಆ ಪ್ರಶ್ನೆ. ಮುಂದೆ ನಮ್ಮ ಮನೆಯವರು ಪಟ್ಟ ಪಾಡಿಗೆಲ್ಲ ಆ ಪ್ರಶ್ನೆಯೇ ಮೂಲ.

ಲಿನಕ್ಸ್‌ನಲ್ಲಿ ಒಂದು ಅಕ್ಷರ ಪರದೆಗೆ ಬರಬೇಕಾದರೆ ಮೂರು ತಂತ್ರಾಂಶಗಳ ಕೈ ದಾಟಬೇಕು. ಯಾವ ಫಾಂಟು ಎಂದು ತೀರ್ಮಾನಿಸುವುದು ಫಾಂಟ್‌ಕಾನ್ಫಿಗ್. ಒತ್ತು, ಗುಣಿತ, ಅರ್ಕಾವತ್ತುಗಳನ್ನು ಅವವುಗಳ ಜಾಗದಲ್ಲಿ ಕೂರಿಸುವುದು ಹಾರ್ಫ್‌ಬಜ್. ಹೀಗೆ ಕೂತದ್ದನ್ನು ಚುಕ್ಕಿಗಳಾಗಿ ಬಿಡಿಸುವುದು 1996ರಲ್ಲಿ ಡೇವಿಡ್ ಟರ್ನರ್ ಶುರುಮಾಡಿದ ಫ್ರೀಟೈಪ್. ಪಟ್ಟಿ ಬರೆಯುವವರು, ಹೆಚ್ಚಿಕೊಡುವವರು, ಒಲೆ ಮುಂದೆ ನಿಲ್ಲುವವರು ಬೇರೆಬೇರೆ ಇರುವ ಮದುವೆಮನೆ ಅಡುಗೆ ಇದು. ಹುಳಿ ಕೆಟ್ಟರೆ ಯಾರನ್ನು ಬಯ್ಯಬೇಕು ಎಂಬುದೇ ಬಗೆಹರಿಯುವುದಿಲ್ಲ. ಹಾಗೆ ನೋಡಿದರೆ ಲಕ್ಷಣಗಳೇನೋ ಇವೆ. ಅಕ್ಷರದ ಬದಲು ಖಾಲಿ ಚೌಕ ಕಂಡರೆ ಆ ಲಿಪಿಯ ಫಾಂಟೇ ಇಲ್ಲವೆಂದು ಅರ್ಥ. ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ ಜೋಡಣೆಯ ತೊಂದರೆ. ಬರೀ ಮಸುಕಾಗಿದ್ದರೆ ಬಿಡಿಸುವವನ ಕಡೆ ನೋಡಬೇಕು. ನನ್ನದು ಬರೀ ಮಸುಕು. ಆದರೂ ಕೈಹಾಕುವುದೇ ಆದರೆ ಪೂರ್ತಿ ಹಾಕಬೇಕೆಂದು ಮೂರನ್ನೂ ಒಟ್ಟಿಗೆ ಕೆದಕಿದೆ.

ಮೊದಲು ಸಿಕ್ಕಿದ್ದು ಹಿಂಟಿಂಗ್. ಫಾಂಟಿನ ಒಳಗೆ ಅಕ್ಷರ ಇರುವುದು ಬಳುಕುವ ಗೆರೆಯಾಗಿ. ಪರದೆಯಲ್ಲಿರುವುದು ಚೌಕ ಚುಕ್ಕಿ. ಗೆರೆ ಎರಡು ಚುಕ್ಕಿಗಳ ನಡುವೆ ಹಾದುಹೋದರೆ ಎರಡೂ ಅರ್ಧರ್ಧ ಬೂದಾಗುತ್ತವೆ. ನಾವು ಮಸುಕು ಎನ್ನುವುದು ಇದನ್ನೇ. ಹಾಗಾಗದಂತೆ ಗೆರೆಯನ್ನು ಹಿಡಿದೆಳೆದು ಚುಕ್ಕಿಯ ಮೇಲೆ ನಿಲ್ಲಿಸುವುದು ಹಿಂಟಿಂಗ್. ಅದರಲ್ಲಿ ಇಲ್ಲ, ಸ್ವಲ್ಪ, ಮಧ್ಯಮ, ಪೂರ್ತಿ ಎಂದು ನಾಲ್ಕು ದರ್ಜೆ. ಇಂಗ್ಲಿಷಿನ ಐ, ಎಲ್, ಎಚ್‌ಗಳು ಕಂಬದ ಹಾಗೆ ನೆಟ್ಟಗಿರುವ ಅಕ್ಷರಗಳು, ಎಳೆದಲ್ಲಿ ಬಂದು ನಿಲ್ಲುತ್ತವೆ. ಕನ್ನಡದಲ್ಲಿ ನೆಟ್ಟಗಿರುವುದು ಏನಿದೆ? ತಲೆಕಟ್ಟಿನ ಒಂದು ತುಣುಕು ಬಿಟ್ಟರೆ ಉಳಿದದ್ದೆಲ್ಲ ಗುಂಡಗೆ. ನಾನು 'ಪೂರ್ತಿ' ಒತ್ತಿದೆ. ತಲೆಕಟ್ಟುಗಳು ಕವಾಯತಿಗೆ ನಿಂತಂತೆ ಸಾಲಾಗಿ ನಿಂತವು, ಅವುಗಳ ಕೆಳಗಿನ ಹೊಟ್ಟೆಗಳು ಒಂದೊಂದು ಒಂದೊಂದು ಆಕಾರಕ್ಕೆ ಹೋದವು. ನನಗಂತೂ ಬಹಳ ಸ್ಫುಟವಾಗಿ ಕಂಡಿತು.

"ಈಗ ಚೆನ್ನಾಗಿ ಕಾಣುತ್ತಾ?" ಎಂದು ಹೆಂಡತಿಯನ್ನು ಕರೆದು ಕೇಳಿದೆ.

"ಮೊದಲೂ ಕಾಣ್ತಿತ್ತಲ್ಲ" ಎಂದಳು.

ಇದು ಉತ್ತರವೇ? ಆ ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಹಿನ್ನೆಲೆ ಒದಗಿಸುವುದು ನನ್ನ ಕರ್ತವ್ಯವಾಯಿತು. ಟ್ರೂಟೈಪ್ ಫಾಂಟುಗಳೊಳಗಿನ ಹಿಂಟಿಂಗ್ ಸೂಚನೆಗಳನ್ನು ನಡೆಸುವ ವಿಧಾನಕ್ಕೆ ಆ್ಯಪಲ್ ಕಂಪನಿಯ ಪೇಟೆಂಟ್ ಇತ್ತು. ಅದು ಮುಗಿದದ್ದು 2010ರಲ್ಲಿ. ಅಲ್ಲಿಯವರೆಗೆ ಫ್ರೀಟೈಪ್‌ನಲ್ಲಿ ಆ ಭಾಗವನ್ನು ಮುಚ್ಚಿಯೇ ಇಟ್ಟಿರುತ್ತಿದ್ದರು, ಅದು ತನ್ನ ಅಂದಾಜಿನಲ್ಲೇ ಗೆರೆ ಎಳೆದುಕೊಳ್ಳಬೇಕಿತ್ತು. ಇನ್ನು ಮೈಕ್ರೋಸಾಫ್ಟಿನ ಕ್ಲಿಯರ್‌ಟೈಪ್ ಪೇಟೆಂಟುಗಳು ಮುಗಿದದ್ದು 2019ರಲ್ಲಿ. ಹಾಗಾಗಿ ಲಿನಕ್ಸಿನ ಅಕ್ಷರ ಚೆನ್ನಾಗಿಲ್ಲ ಎಂದು ಜನ ಅಷ್ಟು ವರ್ಷ ಆಡಿಕೊಂಡದ್ದರಲ್ಲಿ ವಕೀಲರ ಪಾಲೂ ಇದೆ ಎಂದು ವಿವರಿಸಿದೆ.

"ಎಲ್ಲಾ ಮುಗಿದು ಇಷ್ಟು ವರ್ಷ ಆಯ್ತಲ್ಲ. ನೀವೂ ಮುಗಿಸಿ, ಪಾತ್ರೆ ತೊಳೀಬೇಕು" ಎಂದಳು.

ಕ್ಲಿಯರ್‌ಟೈಪ್ ಹೆಸರು ಬಾಯಿಗೆ ಬಂದಮೇಲೆ ಅದರ ಜೀವಾಳವಾದ ಸಬ್‌ಪಿಕ್ಸೆಲ್ ಬಿಡುವುದುಂಟೆ? ಅದನ್ನೂ ಚಾಲೂ ಮಾಡಿದೆ. ಪರದೆಯ ಒಂದೊಂದು ಚುಕ್ಕಿಯೂ ಒಂದಲ್ಲ. ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿ ಸೇರಿ ಒಂದು. ಆ ಮೂರನ್ನು ಬಿಡಿಬಿಡಿಯಾಗಿ ದುಡಿಸಿಕೊಂಡರೆ ಅಡ್ಡಸಾಲಿನಲ್ಲಿ ಮೂರು ಪಟ್ಟು ನಯ ಬಂದಂತೆ ಕಣ್ಣಿಗೆ ಭ್ರಮೆಯಾಗುತ್ತದೆ. ಆದರೆ ನಮ್ಮ ಪರದೆಯಲ್ಲಿ ಪಟ್ಟಿಗಳ ಕ್ರಮ ಕೆಂಪಿನಿಂದ ಶುರುವೋ ನೀಲಿಯಿಂದಲೋ ತಿಳಿಯಬೇಕು. ಅಮ್ಮ ಪಂಚಾಂಗ ನೋಡಲು ಇಟ್ಟುಕೊಂಡಿದ್ದ ಭೂತಕನ್ನಡಿ ತಂದು ಪರದೆಗೆ ಮೂಗು ತಾಗುವಂತೆ ಕೂತೆ. 'ಕ' ಅಕ್ಷರದ ನಡುವಿನ ಅಡ್ಡಗೆರೆ ಕಪ್ಪಗೆ ದೊಣ್ಣೆಯಷ್ಟು ದಪ್ಪ ಕಂಡಿತು. ಸುತ್ತಿನ ಎಡ ಅಂಚಿಗೆ ಕೆಂಪಿನ ಅಲಗು, ಬಲ ಅಂಚಿಗೆ ನೀಲಿಯದು. ಅದರಾಚೆಯ ಬಿಳಿ ಎಂಬ ಬಿಳಿಯೆಲ್ಲ ಬಿಳಿಯೇ ಅಲ್ಲ, ಮೂರು ಬಣ್ಣದ ಸಣ್ಣ ಇಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿದ ಗೋಡೆ. ಕ್ರಮ ಕೆಂಪು, ಹಸಿರು, ನೀಲಿಯೇ. ಎಷ್ಟು ಹೊತ್ತು ನೋಡುತ್ತಿದ್ದೆನೋ, ಹಿಂದಿನಿಂದ ಅಮ್ಮನ ದನಿ ಬಂತು.

"ಏನೋ ಅದು, ಹುಳ ಬಿದ್ದಿದೆಯಾ?"

"ಇಲ್ಲಮ್ಮ, ಅಕ್ಷರ ನೋಡ್ತಿದೀನಿ."

"ಐದನೇ ವರ್ಷಕ್ಕೇ ನಿಂಗೆ ಬರ್ತಿತ್ತಲ್ಲೋ" ಎಂದು ಭೂತಕನ್ನಡಿ ಕಿತ್ತುಕೊಂಡು ಹೋದರು. ಅಂದು ಏಕಾದಶಿ ಇತ್ತಂತೆ, ಪಾರಣೆಯ ಹೊತ್ತು ನೋಡಬೇಕಿತ್ತಂತೆ.

ಫಾಂಟುಗಳ ಸರದಿ ಆಮೇಲೆ ಬಂತು. ಕನ್ನಡಕ್ಕೆ ಪುಕ್ಕಟೆ ಫಾಂಟುಗಳು ಸಾಕಷ್ಟಿವೆ. ರೆಡ್ ಹ್ಯಾಟ್ ಕಂಪನಿ ಕೊಡುಗೆಯ ಲೋಹಿತ್, ಗೂಗಲ್ಲಿನ ನೋಟೊ ಸ್ಯಾನ್ಸ್ ಮತ್ತು ನೋಟೊ ಸೆರಿಫ್, ನಮ್ಮವರೇ ಆದ ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು, ಹಳಬರ ಪೈಕಿ ಕೇದಗೆ, ಮಲ್ಲಿಗೆ. ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡೆ. ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರೆ ಅಮ್ಮ, "ಇದೇನು ಹೂವಿನಂಗಡಿಯೋ ಪಕ್ಷಿಧಾಮವೋ" ಎಂದರು. ಇಷ್ಟಕ್ಕೂ ಪರದೆಯಲ್ಲಿ ಓದಲು ಬೇಕಾದದ್ದು ಒಂದು ಫಾಂಟು. ಉಳಿದವು ಇರಲಿ ಎಂದು ಇಟ್ಟುಕೊಂಡವು. ಸೀರೆಯ ಬೀರು ಯಾಕೆ ಮುಚ್ಚುವುದಿಲ್ಲ ಎಂದು ಅಣಕಿಸುವ ಅಧಿಕಾರವನ್ನು ನಾನು ಅವತ್ತಿನಿಂದ ಕಳೆದುಕೊಂಡೆ.

ಯಾವ ಫಾಂಟಿಗೆ ಮೊದಲ ಮಣೆ ಎಂಬುದನ್ನು ಫಾಂಟ್ಸ್.ಕಾನ್ಫ್ ಎಂಬ ಕಡತದಲ್ಲಿ ಬರೆದಿಡಬಹುದು. ನಾನು ಬಡಾವಣೆಯ ಕನ್ನಡ ಸಂಘದ ಉಪಾಧ್ಯಕ್ಷ. ನಾಮಫಲಕದಲ್ಲಿ ಶೇ 60 ಕನ್ನಡವಿರಬೇಕೆಂಬ ಕಾನೂನು ಬಂದಾಗ ಅಂಗಡಿ ಅಂಗಡಿಗೆ ಹೋಗಿ ವಿಚಾರಿಸಿದವನು. ನನ್ನ ಮನೆಯ ಕಡತದಲ್ಲಿ ಕನ್ನಡಕ್ಕೆ ಎರಡನೇ ಸ್ಥಾನವೇ? ಕನ್ನಡ ಫಾಂಟಿನ ಹೆಸರನ್ನೇ ಮೊದಲು ಬರೆದು, ಎಫ್‌ಸಿ-ಕ್ಯಾಶ್ ಆಜ್ಞೆ ಕೊಟ್ಟು, ಹೆಮ್ಮೆಯಿಂದ ಎದ್ದೆ.

ಮಗಳು ಕಾಲೇಜಿಂದ ಬಂದು ತನ್ನ ಪ್ರಾಜೆಕ್ಟ್ ತೆರೆದವಳೇ ಚೀರಿದಳು. "ಅಪ್ಪಾ! ನನ್ನ ಇಂಗ್ಲಿಷಿಗೆ ಏನ್ ಮಾಡಿದೆ?"

ವಿಷಯ ಇಷ್ಟು: ಹಲವು ಕನ್ನಡ ಫಾಂಟುಗಳ ಒಳಗೆ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ, ಶಾಸ್ತ್ರಕ್ಕೆಂದು ಸೇರಿಸಿದವು. ಪಟ್ಟಿಯಲ್ಲಿ ಮೊದಲು ನಿಂತವನ ಹತ್ತಿರ ಇದ್ದರೆ ಕಂಪ್ಯೂಟರು ಮುಂದಿನವನನ್ನು ಕೇಳುವುದೇ ಇಲ್ಲ. ಹಾಗಾಗಿ ಮನೆಯ ಸಮಸ್ತ ಇಂಗ್ಲಿಷೂ, ಕರೆಂಟ್ ಬಿಲ್ಲಿನ ಅಂಕಿಗಳೂ ಆ ಶಾಸ್ತ್ರದ ಅಕ್ಷರಗಳಲ್ಲೇ ಮೂಡಿದ್ದವು. ಇದಕ್ಕೆ ಪರಿಹಾರ ಒಂದೇ: ಇಂಗ್ಲಿಷ್ ಫಾಂಟಿನ ಹೆಸರು ಮೊದಲು, ಕನ್ನಡದ್ದು ಆಮೇಲೆ. ಮೊದಲನೆಯದರಲ್ಲಿ ಕನ್ನಡ ಇರುವುದಿಲ್ಲವಾದ್ದರಿಂದ ಕನ್ನಡದ ಸರದಿ ಬಂದಾಗ ಅದು ತಾನಾಗಿ ಎರಡನೆಯದಕ್ಕೆ ಹೋಗುತ್ತದೆ, ಎರಡೂ ಭಾಷೆ ಅಂದವಾಗಿ ಕಾಣುತ್ತವೆ. ತಾಂತ್ರಿಕವಾಗಿ ಇದರಲ್ಲಿ ಅವಮಾನವೇನೂ ಇಲ್ಲ. ಆದರೂ ಸಂಘದ ಯಾರಿಗೂ ನಾನಿದನ್ನು ಹೇಳಿಲ್ಲ.

ಇಷ್ಟರ ನಡುವೆ 'ರ‍್ಯಾಂಕ್' ಪ್ರಕರಣವೂ ನಡೆಯಿತು. ಭಾವನ ಮಗನಿಗೆ ರ‍್ಯಾಂಕ್ ಬಂದು, ಅಭಿನಂದನೆ ಟೈಪ್ ಮಾಡಿದರೆ ಅದು 'ರ್ಯಾಂಕ್' ಆಗಿ, ಯಕಾರಕ್ಕೆ ಅರ್ಕಾವತ್ತು ಅಂಟಿಕೊಂಡು ಮೂಡಿತು. ಇಲ್ಲಿ ರಕಾರದ ಮುಂದೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಸೇರಿಸಬೇಕು. ಆಗ ರಕಾರ ಮೇಲೆ ನಿಂತು ಯಕಾರ ಒತ್ತಾಗಿ ಕೆಳಗಿಳಿಯುತ್ತದೆ. ಅದನ್ನು ಸೇರಿಸಿ, ಸೇರಿಸಿದ್ದು ಹೇಗೆಂದು ಮನೆಮಂದಿಗೆಲ್ಲ ತಿಳಿಸಿ ಹೇಳುವಷ್ಟರಲ್ಲಿ ಆ ಹುಡುಗನಿಗೆ ಉಳಿದವರೆಲ್ಲ ಫೋನ್ ಮಾಡಿ ಮುಗಿಸಿದ್ದರು. "ಕಾಣದ ಅಕ್ಷರಕ್ಕೆ ಇಷ್ಟು ರಾದ್ಧಾಂತ ಮಾಡ್ತೀಯ, ಕಾಣೋ ನಲ್ಲಿ ಸೋರ್ತಿದೆ" ಎಂದರು ಅಮ್ಮ.

ಆದರೆ ನನ್ನ ಶ್ರಮವನ್ನು ಮೆಚ್ಚಿದವರೂ ಅಮ್ಮ ಒಬ್ಬರೇ. ಒಂದು ಬೆಳಿಗ್ಗೆ ಪೇಪರ್ ಓದುತ್ತ, "ಈಗ ಚೆನ್ನಾಗಿ ಕಾಣ್ತಿದೆ ಕಣೋ, ಮುತ್ತಿನ ಹಾಗಿದೆ ಅಕ್ಷರ" ಎಂದರು. ನಾನು ಹಿಗ್ಗಿ, ಇನ್ನೊಂದು ಲೋಟ ಕಾಫಿ ಕೇಳಿ ಪಡೆದೆ. ಮಗಳಿಗೆ ಅದನ್ನು ತಡೆಯಲಾಗಲಿಲ್ಲ. "ಅಪ್ಪ, ಅಜ್ಜಿ ಓದೋದು ಪಿಡಿಎಫ್. ಪೇಪರಿನವರು ಫಾಂಟನ್ನ ಅದರೊಳಗೇ ಇಟ್ಟು ಕಳಿಸಿರ್ತಾರೆ. ನಿನ್ನ ಕಡತಕ್ಕೂ ಅದಕ್ಕೂ ಸಂಬಂಧವೇ ಇಲ್ಲ." ಅವಳು ಹೇಳಿದ್ದು ನಿಜ. ಅಜ್ಜಿ ಮಾಡಿಕೊಂಡದ್ದೇನೆಂದರೆ, ಕಂಟ್ರೋಲ್ ಗುಂಡಿ ಅದುಮಿ ಪ್ಲಸ್ ಒತ್ತಿದ್ದರು. ಒತ್ತಿದಷ್ಟೂ ಅಕ್ಷರ ದೊಡ್ಡದಾಗುತ್ತದೆ. ಯಾರು ಹೇಳಿಕೊಟ್ಟರು ಎಂದರೆ, "ಇವಳೇ" ಎಂದು ಸೊಸೆಯ ಕಡೆ ಕೈ ತೋರಿಸಿದರು. ಸೊಸೆಗೆ ಮೊಮ್ಮಗಳು ಹೇಳಿಕೊಟ್ಟಿದ್ದಳು. ಮನೆಯಲ್ಲಿ ಒಂದು ಸಮಾನಾಂತರ ರಿಪೇರಿ ವ್ಯವಸ್ಥೆಯೇ ನಡೆಯುತ್ತಿತ್ತು.

ಗಣೇಶನ ಹಬ್ಬ ಹತ್ತಿರವಾಯಿತು. ನನ್ನ ಹೆಂಡತಿ ಮಹಿಳಾ ಸಮಾಜದ ಕಾರ್ಯದರ್ಶಿ. 'ಗಣೇಶೋತ್ಸವಕ್ಕೆ ಧನಸಂಗ್ರಹ, ಭಾನುವಾರ ಬೆಳಿಗ್ಗೆ 10ಕ್ಕೆ, ಎಲ್ಲರೂ ತಪ್ಪದೆ ಬನ್ನಿ' ಎಂದು ಟೈಪ್ ಮಾಡಿ, ಪರದೆಯ ಚಿತ್ರವನ್ನೇ ಹಿಡಿದು ವಾಟ್ಸಾಪ್ ಗುಂಪಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಮೊದಲ ಪ್ರಶ್ನೆ ಬಂತು: "ದನಗಳನ್ನ ಎಲ್ಲಿ ಕಟ್ಟೋದು?"

ಕನ್ನಡದ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭಗಳ ನಡುವೆ ಇರುವ ವ್ಯತ್ಯಾಸ ಕೆಳಹೊಟ್ಟೆಯ ಒಂದು ಸಣ್ಣ ಸೀಳು. ಕೈಬರಹದಲ್ಲಿ ಅದು ಧಾರಾಳವಾಗಿ ಬರುತ್ತದೆ. ಇಂಚಿಗೆ ಸುಮಾರು 100 ಚುಕ್ಕಿಯ ಪರದೆಯಲ್ಲಿ, ಸಣ್ಣ ಅಳತೆಯಲ್ಲಿ, ಆ ಸೀಳಿಗೆ ಸಿಗುವುದು ಒಂದು ಚುಕ್ಕಿ, ಅದೂ ಅದೃಷ್ಟವಿದ್ದರೆ. ಅದರ ಮೇಲೆ ನನ್ನ 'ಪೂರ್ತಿ' ಹಿಂಟಿಂಗ್ ಗೆರೆಗಳನ್ನು ಎಳೆದು ನಿಲ್ಲಿಸುವ ಭರದಲ್ಲಿ ಆ ಒಂದು ಚುಕ್ಕಿಯನ್ನೂ ನುಂಗಿತ್ತು. ಧನ ದನವಾಯಿತು, ಭಾನುವಾರ ಬಾನುವಾರವಾಯಿತು. ಮಹಾಪ್ರಾಣಗಳು ಕನ್ನಡಕ್ಕೆ ಬೇಕೇ ಬೇಡವೇ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ನಮ್ಮ ಮನೆಯಲ್ಲಿ ಅವನ್ನು ಒಂದು ಗುಂಡಿ ಒತ್ತಿ ತೆಗೆದಾಗಿತ್ತು.

ಎರಡನೇ ಪ್ರಶ್ನೆ ಇನ್ನೊಬ್ಬರದು: "ಅಕ್ಷರಕ್ಕೆಲ್ಲ ಯಾಕೆ ಕೆಂಪು ನೀಲಿ ಅಂಚು ಹಚ್ಚಿದೀರಿ? ನೋಡಿದ್ರೆ ತಲೆ ಸುತ್ತುತ್ತೆ." ಇದು ಸಬ್‌ಪಿಕ್ಸೆಲ್ ಮಹಿಮೆ. ಆ ಬಣ್ಣದ ಅಲಗುಗಳು ನಮ್ಮ ಪರದೆಯ ಪಟ್ಟಿಗಳಿಗೆಂದೇ ಅಳತೆ ಹಿಡಿದು ಹೊಲಿದವು. ಚಿತ್ರವಾಗಿ ಇನ್ನೊಬ್ಬರ ಫೋನಿಗೆ ಹೋಗಿ, ಅಲ್ಲಿ ಬೆರಳಲ್ಲಿ ಹಿಗ್ಗಿಸಿ ನೋಡಿದರೆ ಬಣ್ಣ ಬಣ್ಣವಾಗಿಯೇ ಕಾಣುತ್ತದೆ. ಇದನ್ನು ಗುಂಪಿನಲ್ಲಿ ವಿವರಿಸಿ ಬರೆಯಲೇ ಎಂದು ಕೇಳಿದೆ. ಹೆಂಡತಿ ಏನೂ ಹೇಳದೆ ಲ್ಯಾಪ್‌ಟಾಪನ್ನು ಮುಚ್ಚಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಕಳೆದ ಮಾನವನ್ನು ಕರಪತ್ರದಲ್ಲಿ ಗಳಿಸೋಣವೆಂದು ಪ್ರೆಸ್ಸಿಗೆ ನಾನೇ ಹೊರಟೆ. ಶೀರ್ಷಿಕೆಗೆ ನವಿಲು, ಒಡಲಿಗೆ ನೋಟೊ ಸೆರಿಫ್, ಸಾಲುಗಳ ನಡುವೆ ಒತ್ತಕ್ಷರಕ್ಕೆ ಉಸಿರಾಡುವಷ್ಟು ಜಾಗ, ಎಲ್ಲ ಅಚ್ಚುಕಟ್ಟು. ಪೆನ್‌ಡ್ರೈವ್ ಕೊಟ್ಟೆ. ಪ್ರೆಸ್ಸಿನ ಹುಡುಗ ಕಡತ ತೆರೆದ. ಪರದೆಯ ತುಂಬ ಖಾಲಿ ಚೌಕಗಳು.

"ಸಾರ್, ಇದು ಯೂನಿಕೋಡು. ನಮ್ಮ ಹಳೇ ಸಾಫ್ಟ್‌ವೇರಲ್ಲಿ ಬರಲ್ಲ. ನುಡಿನಲ್ಲಿ ಮಾಡ್ಕೊಂಡು ಬಂದಿಲ್ವಾ?"

ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಆದರೆ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹಳೆಯ 'ನುಡಿ' ತಂತ್ರಾಂಶದ್ದೇ ರಾಜ್ಯ. ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿರುತ್ತಾರೆ. ಫಾಂಟು ತಪ್ಪಿತೋ, ನಕಾರ ಇದ್ದ ಕಡೆಯೆಲ್ಲ ಬ್ರಿಟನ್ನಿನ ಪೌಂಡ್ ಗುರುತು ಎದ್ದು ಕೂರುತ್ತದೆ. ಇದನ್ನೆಲ್ಲ ಹುಡುಗನಿಗೆ ಹೇಳಲು ಬಾಯಿ ತೆರೆದೆ. ಅವನಿಗೆ ಪುರುಸೊತ್ತಿರಲಿಲ್ಲ. "ಬಿಡಿ ಸಾರ್, ಪ್ರಿಂಟ್ ಇದೆಯಲ್ಲ" ಎಂದು ನನ್ನ ಕೈಲಿದ್ದ ಹಾಳೆ ಇಸಿದುಕೊಂಡು, ಅದನ್ನು ನೋಡುತ್ತ ಕೀಲಿಮಣೆಯ ಕಡೆ ತಿರುಗದೆ ಟಪಟಪ ಕುಟ್ಟಿದ. ನಾನು ಟೀ ಕುಡಿದು ಬರುವಷ್ಟರಲ್ಲಿ ಕರಪತ್ರ ಸಿದ್ಧವಾಗಿತ್ತು. ಧನದ ಸೀಳು ಬಾವಿಯಷ್ಟು ಸ್ಪಷ್ಟವಾಗಿತ್ತು. ಮಹಿಳಾ ಸಮಾಜದವರೆಲ್ಲ, "ಈ ಸಲ ಅಕ್ಷರ ಬಹಳ ಚೆನ್ನಾಗಿ ಬಂದಿದೆ, ನಿಮ್ಮ ಯಜಮಾನರು ಮಾಡಿದ್ದಾ?" ಎಂದು ಕೇಳಿದರಂತೆ. ಹೆಂಡತಿ ನನ್ನ ಮರ್ಯಾದೆ ಉಳಿಸಲು ಹೂಂ ಎಂದಳೋ, ಅಥವಾ ಅದನ್ನೂ ಉಳಿಸದೆ ನಿಜ ಹೇಳಿದಳೋ, ನಾನು ಕೇಳಲು ಹೋಗಿಲ್ಲ.

ಹಬ್ಬ ಮುಗಿದ ಮೇಲೆ ಮಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಡತದ ಬಹುಪಾಲನ್ನು ಅಳಿಸಿದಳು. ಹಿಂಟಿಂಗ್ 'ಸ್ವಲ್ಪ'ಕ್ಕೆ ಇಳಿಯಿತು. ಆ ದರ್ಜೆ ಗೆರೆಗಳನ್ನು ಮೇಲೆ ಕೆಳಗೆ ಮಾತ್ರ ಸರಿಸುತ್ತದೆ, ಅಡ್ಡಕ್ಕೆ ಎಳೆಯುವುದಿಲ್ಲ, ಹಾಗಾಗಿ ಕನ್ನಡದ ಗುಂಡು ಗುಂಡಾಗಿಯೇ ಉಳಿಯುತ್ತದೆ. ಸಬ್‌ಪಿಕ್ಸೆಲ್ ಹೋಗಿ ಸಾದಾ ಬೂದುಬಣ್ಣದ ನಯಗಾರಿಕೆ ಬಂತು. ಒಂದು ಇಂಗ್ಲಿಷ್ ಫಾಂಟು, ಅದರ ಬೆನ್ನಿಗೆ ಒಂದು ಕನ್ನಡ ಫಾಂಟು. ಕೊನೆಯಲ್ಲಿ ಅಕ್ಷರದ ಅಳತೆಯನ್ನು 1ರಿಂದ 1.25ಕ್ಕೆ ಏರಿಸಿದಳು. ಧಕಾರದ ಸೀಳು ತೆರೆಯಿತು, 'ಸ್ವಾತಂತ್ರ್ಯ'ದ ಒತ್ತುಗಳು ಬಿಡಿಬಿಡಿಯಾದವು, ನನ್ನ ಮಸುಕೂ ಹೋಯಿತು. ಕಂಟ್ರೋಲ್ ಮತ್ತು ಪ್ಲಸ್ಸಿನ ಮೇಲೆ ಅಮ್ಮನಿಗಿದ್ದ ನಂಬಿಕೆಯನ್ನೇ ಅವಳು ಕಾಯಂ ಮಾಡಿದ್ದಳು.

ಆದ್ದರಿಂದ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು ಕನ್ನಡ ಓದುವ ಮಹನೀಯರೇ, ಮೊದಲು ಅಕ್ಷರವನ್ನು ದೊಡ್ಡದು ಮಾಡಿ, ಹಿಂಟಿಂಗನ್ನು 'ಸ್ವಲ್ಪ'ದಲ್ಲಿ ಬಿಡಿ. ಕಡತಕ್ಕೆ ಕೈಹಾಕಲೇಬೇಕೆಂಬ ತುರಿಕೆ ಇದ್ದರೆ ಅದರ ನಕಲೊಂದನ್ನು ಬೇರೆ ಕಡೆ ತೆಗೆದಿಟ್ಟು ಹಾಕಿ. ಕರಪತ್ರ ಮಾಡಿಸುವುದಿದ್ದರೆ ಪ್ರೆಸ್ಸಿನವರಿಗೆ ಯಾವ ಫಾಂಟು ಬೇಕೆಂದು ಮುಂಚೆಯೇ ಫೋನ್ ಮಾಡಿ ಕೇಳಿ. ಏನೇ ಮಾಡಿ, "ಈಗ ಚೆನ್ನಾಗಿ ಕಾಣುತ್ತಾ?" ಎಂದು ಮಾತ್ರ ಮನೆಯಲ್ಲಿ ಯಾರನ್ನೂ ಕೇಳಬೇಡಿ.